ಮಹಡಿಯ ಲ್ಯಾಪ್‌ಟಾಪ್, ಕೆಳಗಿನ ಡೆಸ್ಕ್‌ಟಾಪ್: ಕಡತ ಮಾತ್ರ ಒಂದೇ ಇರಬೇಕು

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮನೆಯ ಎರಡು ಕಂಪ್ಯೂಟರ್‌ಗಳಲ್ಲಿ ಕಡತಗಳನ್ನು ಒಂದೇ ಸಮ ಇಟ್ಟುಕೊಳ್ಳುವ, ಅಂದರೆ ಸಿಂಕ್ ಮಾಡುವ ಬಗ್ಗೆಯೇ ಇದ್ದವು. ಒಂದನ್ನೊಂದು ಹೋಲುವವನ್ನು ಸೇರಿಸಿ ಇಲ್ಲಿ ಉತ್ತರಿಸಿದೆ.

ಪ್ರಶ್ನೆ: ಕೆಳಗಿನ ಕೋಣೆಯಲ್ಲಿ ಡೆಸ್ಕ್‌ಟಾಪ್, ಮಹಡಿಯಲ್ಲಿ ಲ್ಯಾಪ್‌ಟಾಪ್. ಎರಡೂ ವಿಂಡೋಸ್ 11. ಫೋಟೊ, ತೋಟದ ಲೆಕ್ಕ, ಮಕ್ಕಳ ಪ್ರಾಜೆಕ್ಟ್ ಎಲ್ಲ ಸೇರಿ 180 ಜಿಬಿ. ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿದು ಸಾಕಾಗಿದೆ, ಯಾವುದು ಹೊಸದು ಯಾವುದು ಹಳೆಯದು ಎಂಬುದೂ ತಿಳಿಯುತ್ತಿಲ್ಲ. ತಿಂಗಳ ಬಾಡಿಗೆಯ ಕ್ಲೌಡ್ ಬೇಡ. ಬೇರೆ ದಾರಿ ಇದೆಯೇ? (ಶಿರಸಿ)

ಉತ್ತರ: ಇದೆ, ಕಾಸು ಖರ್ಚಿಲ್ಲದೆ. ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶ ಇಂಥ ಮನೆಗಳಿಗೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ ಕಡತ ಯಾವ ಕಂಪನಿಯ ಸರ್ವರ್‌ನಲ್ಲೂ ಹೋಗಿ ಕೂರುವುದಿಲ್ಲ. ಮನೆಯ ವೈಫೈ ಒಳಗೇ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ, ಹೊರಗಿನ ಇಂಟರ್ನೆಟ್ ಕೈಕೊಟ್ಟ ದಿನವೂ ಕೆಲಸ ನಿಲ್ಲುವುದಿಲ್ಲ.

ಆದರೆ ಅದಕ್ಕೂ ಮುಂಚೆ ಬೇಸರದ ಕೆಲಸವೊಂದಿದೆ, ತಪ್ಪಿಸಬೇಡಿ. ಎರಡೂ ಕಡೆ ಈಗಾಗಲೇ ಬೇರೆ ಬೇರೆಯಾಗಿರುವ ಫೋಲ್ಡರ್‌ಗಳನ್ನು ಹಾಗೆಯೇ ಜೋಡಿಸಿದರೆ, ಹೆಸರು ಒಂದೇ ಇದ್ದು ಒಳಗಿನದು ಬೇರೆಯಾಗಿರುವ ಪ್ರತಿ ಕಡತಕ್ಕೂ ಒಂದು ‘ಸಿಂಕ್-ಕಾನ್‌ಫ್ಲಿಕ್ಟ್’ ನಕಲು ಹುಟ್ಟುತ್ತದೆ. ನಾಲ್ಕಾರು ಆದರೆ ಸರಿ, ನಾನೂರಾದರೆ ಕೂತು ಬಿಡಿಸುವವರು ಯಾರು? ಆದ್ದರಿಂದ ಡೆಸ್ಕ್‌ಟಾಪ್‌ನಲ್ಲಿರುವುದೇ ಮೂಲ ಎಂದು ಮೊದಲು ಗೊತ್ತುಮಾಡಿ. ಲ್ಯಾಪ್‌ಟಾಪ್‌ನಲ್ಲಿರುವುದನ್ನೆಲ್ಲ ‘ಲ್ಯಾಪ್‌ಟಾಪ್ ಹಳೆಯದು’ ಎಂಬ ಫೋಲ್ಡರ್‌ಗೆ ಹಾಕಿ ಡೆಸ್ಕ್‌ಟಾಪ್‌ಗೆ ತನ್ನಿ, ಬಿಡುವಾದಾಗ ಅಲ್ಲೇ ಆರಿಸಿ ಸೇರಿಸಿ. ಹೀಗೆ ಎಲ್ಲವೂ ಸೇರಿದ ಒಂದು ಫೋಲ್ಡರ್, ಉದಾಹರಣೆಗೆ ಡಿ ಡ್ರೈವ್‌ನಲ್ಲಿ ‘ಮನೆ’, ಸಿದ್ಧವಾಗಲಿ.

ಮೊದಲ 180 ಜಿಬಿಯನ್ನು ವೈಫೈ ಮೇಲೆ ಹಾಕಬೇಡಿ. ಗೋಡೆ ದಾಟಿ ಬರುವ 2.4 ಗಿಗಾಹರ್ಟ್ಸ್ ವೈಫೈನಲ್ಲಿ ಸೆಕೆಂಡಿಗೆ 5 ಎಂಬಿ ಸಿಕ್ಕಿದರೂ 10 ಗಂಟೆ ಬೇಕು. ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಲ್ಲಿ ಒಯ್ದು ಲ್ಯಾಪ್‌ಟಾಪ್‌ನಲ್ಲೂ ‘ಮನೆ’ ಫೋಲ್ಡರ್ ಮಾಡಿಬಿಡಿ. ಸಿಂಕ್‌ಥಿಂಗ್ ಎರಡೂ ಕಡೆಯ ಕಡತಗಳನ್ನು ಓದಿ, ಒಳಗಿನದು ಒಂದೇ ಎಂದು ಕಂಡರೆ ಮತ್ತೆ ಕಳಿಸುವುದಿಲ್ಲ. ಆ ಓದುವ ಕೆಲಸಕ್ಕೆ ಹಳೆಯ ತಿರುಗುವ ಡಿಸ್ಕ್ ಆದರೆ ಅರ್ಧ ಗಂಟೆಗೂ ಮೇಲೆ ಹಿಡಿಯಬಹುದು, ಕೆಟ್ಟಿತೆಂದು ನಡುವೆ ನಿಲ್ಲಿಸಬೇಡಿ.

ಇನ್ನು ಜೋಡಣೆ. ತಂತ್ರಾಂಶದ ಅಧಿಕೃತ ತಾಣದಲ್ಲಿ ಕೊಂಡಿ ಇರುವ ‘ಸಿಂಕ್‌ಥಿಂಗ್ ವಿಂಡೋಸ್ ಸೆಟಪ್’ ಇಳಿಸಿಕೊಂಡು ಎರಡರಲ್ಲೂ ಹಾಕಿ. ಕಂಪ್ಯೂಟರ್ ಶುರುವಾದಾಗ ತಾನೂ ಶುರುವಾಗುವುದು, ಫೈರ್‌ವಾಲ್‌ನಲ್ಲಿ ಅನುಮತಿ ಪಡೆಯುವುದು, ಎರಡನ್ನೂ ಅದೇ ನೋಡಿಕೊಳ್ಳುತ್ತದೆ. ಇದರ ಫಲಕ ತೆರೆಯುವುದು ಬ್ರೌಸರ್‌ನಲ್ಲಿ, ವಿಳಾಸ 127.0.0.1:8384. ‘ಆ್ಯಕ್ಷನ್ಸ್’ ಕೆಳಗೆ ‘ಶೋ ಐಡಿ’ ಒತ್ತಿದರೆ 7 ಅಕ್ಷರದ 8 ಗುಂಪುಗಳ ಉದ್ದನೆಯ ಗುರುತು ಕಾಣುತ್ತದೆ. ಬರೆದುಕೊಳ್ಳುವ ಕಷ್ಟ ಬೇಡ. ಎರಡೂ ಒಂದೇ ನೆಟ್‌ವರ್ಕ್‌ನಲ್ಲಿದ್ದರೆ ‘ಆ್ಯಡ್ ರಿಮೋಟ್ ಡಿವೈಸ್’ ಒತ್ತಿದಾಗ ಇನ್ನೊಂದರ ಗುರುತು ತಾನಾಗಿಯೇ ಕೆಳಗೆ ಬರುತ್ತದೆ, ಅದನ್ನು ಆರಿಸಿ. ಲ್ಯಾಪ್‌ಟಾಪ್ ಕಡೆ ಒಪ್ಪಿಗೆ ಕೇಳುತ್ತದೆ, ಕೊಡಿ.

ಆಮೇಲೆ ಡೆಸ್ಕ್‌ಟಾಪ್‌ನಲ್ಲಿ ‘ಆ್ಯಡ್ ಫೋಲ್ಡರ್’ ಒತ್ತಿ ‘ಮನೆ’ಯ ದಾರಿ ಕೊಟ್ಟು, ‘ಶೇರಿಂಗ್’ ಪುಟದಲ್ಲಿ ಲ್ಯಾಪ್‌ಟಾಪ್‌ಗೆ ಟಿಕ್ ಹಾಕಿ. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಫೋಲ್ಡರ್ ಒಪ್ಪಿಕೊಳ್ಳುವಾಗ ಅದು ತನ್ನಿಷ್ಟದ ಜಾಗವೊಂದನ್ನು ಸೂಚಿಸುತ್ತದೆ, ಸಾಮಾನ್ಯವಾಗಿ ಸಿ ಡ್ರೈವ್‌ನ ಬಳಕೆದಾರರ ಫೋಲ್ಡರ್ ಒಳಗೆ. ಅದನ್ನು ಅಳಿಸಿ, ನೀವು ಮೊದಲೇ ನಕಲು ಮಾಡಿಟ್ಟ ‘ಮನೆ’ಯ ದಾರಿಯನ್ನೇ ಕೊಡಿ. ಇಲ್ಲದಿದ್ದರೆ 180 ಜಿಬಿ ಮತ್ತೊಮ್ಮೆ ಇಳಿಯತೊಡಗಿ ಸಿ ಡ್ರೈವ್ ತುಂಬುತ್ತದೆ.

‘ಇಗ್ನೋರ್ ಪ್ಯಾಟರ್ನ್ಸ್’ ಪುಟದಲ್ಲಿ ವರ್ಡ್, ಎಕ್ಸೆಲ್ ತೆರೆದಾಗ ಹುಟ್ಟುವ ~$ ಚಿಹ್ನೆಯ ತಾತ್ಕಾಲಿಕ ಕಡತಗಳನ್ನು ಬಿಡಲು ~$* ಎಂಬ ಒಂದು ಸಾಲು ಸೇರಿಸಿ. ಈ ಪಟ್ಟಿ ಒಂದರಿಂದ ಇನ್ನೊಂದಕ್ಕೆ ಹೋಗುವುದಿಲ್ಲ, ಎರಡೂ ಕಡೆ ಬರೆಯಬೇಕು.

ಬದಲಾವಣೆ ಉಳಿಸಿದ ಸುಮಾರು 10 ಸೆಕೆಂಡಿನಲ್ಲಿ ಸಾಗಣೆ ಶುರುವಾಗುತ್ತದೆ. ಇಡೀ ಕಡತವಲ್ಲ, ಬದಲಾದ ತುಣುಕು ಮಾತ್ರ ಹೋಗುತ್ತದೆ. ಅತಿ ಚಿಕ್ಕ ತುಣುಕು 128 ಕಿಲೋಬೈಟ್. ಲ್ಯಾಪ್‌ಟಾಪ್ ಮುಚ್ಚುವ ಮುನ್ನ ಫಲಕದಲ್ಲಿ ಹಸಿರು ‘ಅಪ್ ಟು ಡೇಟ್’ ಬಂದಿದೆಯೇ ನೋಡಿ. ಅರ್ಧಕ್ಕೇ ಮುಚ್ಚಿ, ಕೆಳಗೆ ಬಂದು ಅದೇ ಲೆಕ್ಕದ ಹಾಳೆಯನ್ನು ಡೆಸ್ಕ್‌ಟಾಪ್‌ನಲ್ಲಿ ತಿದ್ದಿದರೆ ಎರಡು ಆವೃತ್ತಿಗಳಾಗುತ್ತವೆ. ಆಗ ತಿದ್ದಿದ ಹೊತ್ತು ಯಾವುದರದು ಹಿಂದಿನದೋ ಅದು ಹೆಸರು ಬದಲಿಸಿಕೊಂಡು ‘ಲೆಕ್ಕ.ಸಿಂಕ್-ಕಾನ್‌ಫ್ಲಿಕ್ಟ್-20260112-201530’ ಎಂಬಂತೆ ದಿನಾಂಕ, ಸಮಯ, ಸಾಧನದ ಗುರುತಿನೊಂದಿಗೆ ಪಕ್ಕದಲ್ಲೇ ಉಳಿಯುತ್ತದೆ. ಏನೂ ಕಳೆದುಹೋಗಿರುವುದಿಲ್ಲ, ಆದರೆ ಎರಡನ್ನೂ ತೆರೆದು ಸೇರಿಸುವವರು ನೀವೇ. ವಾರಕ್ಕೊಮ್ಮೆ sync-conflict ಎಂಬ ಪದ ಹಾಕಿ ಹುಡುಕಿ ನೋಡುವ ಅಭ್ಯಾಸ ಒಳ್ಳೆಯದು.

ಪ್ರಶ್ನೆ: ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಹಳೆಯ ಫೋಟೊ ಅಳಿಸಿದೆ. ಸಂಜೆ ನೋಡಿದರೆ ಡೆಸ್ಕ್‌ಟಾಪ್‌ನಲ್ಲೂ ಇಲ್ಲ! ಅಲ್ಲಿ ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಲ್ಲಿದ್ದೆ. ತಂತ್ರಾಂಶ ಕೆಟ್ಟಿದೆಯೇ? (ದಾವಣಗೆರೆ)

ಉತ್ತರ: ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡಿದೆ. ಎರಡೂ ಕಡೆ ಒಂದೇ ಇರಬೇಕು ಎಂಬುದು ಅದಕ್ಕೆ ಕೊಟ್ಟ ಆಜ್ಞೆ. ಅಳಿಸುವುದೂ ಒಂದು ಬದಲಾವಣೆಯೇ, ಅದೂ ಹೋಯಿತು. ಬ್ಯಾಕಪ್ ಎಂದರೆ ಈ ಸುದ್ದಿ ತಲುಪದ ಮೂರನೆಯ ನಕಲು: ತಿಂಗಳಿಗೊಮ್ಮೆ ಚುಚ್ಚಿ, ನಕಲು ಮಾಡಿ, ಬಿಚ್ಚಿ ಬೀರುವಿನಲ್ಲಿಡುವ ಹಾರ್ಡ್‌ಡಿಸ್ಕ್. ಬಿಚ್ಚಿಡುವುದೇ ಇಲ್ಲಿ ಮುಖ್ಯ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್ ಹೊಕ್ಕರೂ ಸಿಂಕ್ ಆ ಹಾಳನ್ನು ಶ್ರದ್ಧೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುತ್ತದೆ.

ಈಗ ನಿಮ್ಮ ಫೋಟೊ. ಮೊದಲು ಅಳಿಸಿದ ಲ್ಯಾಪ್‌ಟಾಪ್‌ನ ರಿಸೈಕಲ್ ಬಿನ್ ನೋಡಿ, ಶಿಫ್ಟ್ ಒತ್ತಿ ಅಳಿಸಿಲ್ಲವಾದರೆ ಅಲ್ಲೇ ಇರುತ್ತವೆ. ಡೆಸ್ಕ್‌ಟಾಪ್‌ನ ಬಿನ್‌ನಲ್ಲಿ ಹುಡುಕಿ ಫಲವಿಲ್ಲ, ಸಿಂಕ್‌ಥಿಂಗ್ ಬಿನ್‌ಗೆ ಹಾಕದೆ ನೇರ ಅಳಿಸುತ್ತದೆ.

ಮುಂದೆ ಹೀಗಾಗದಿರಲು ಫೋಲ್ಡರ್‌ನ ‘ಫೈಲ್ ವರ್ಷನಿಂಗ್’ ಪುಟದಲ್ಲಿ ‘ಸ್ಟ್ಯಾಗರ್ಡ್’ ಆರಿಸಿ. ಹಳೆಯ ಪ್ರತಿಗಳು ಮೊದಲ ದಿನ ಗಂಟೆಗೊಂದು, ಮೊದಲ 30 ದಿನ ದಿನಕ್ಕೊಂದು, ಆಮೇಲೆ ವಾರಕ್ಕೊಂದರಂತೆ 365 ದಿನ ಉಳಿಯುತ್ತವೆ. ಇಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ಈ ವ್ಯವಸ್ಥೆ ಕಾಪಾಡುವುದು ಇನ್ನೊಂದು ಕಂಪ್ಯೂಟರ್‌ನಿಂದ ಬಂದ ಬದಲಾವಣೆಯಿಂದ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಅಳಿಸಿದ್ದರ ಪ್ರತಿ ಉಳಿಯುವುದು ಡೆಸ್ಕ್‌ಟಾಪ್‌ನಲ್ಲಿ, ಡೆಸ್ಕ್‌ಟಾಪ್‌ನಲ್ಲಿ ಅಳಿಸಿದ್ದರದು ಲ್ಯಾಪ್‌ಟಾಪ್‌ನಲ್ಲಿ. ಒಂದೇ ಕಡೆ ಇದನ್ನು ಹಾಕಿದರೆ ಅರ್ಧ ರಕ್ಷಣೆ ಅಷ್ಟೆ.

ಜಾಗವೇ ತೊಂದರೆಯಾದರೆ ಫೋಟೊಗಳನ್ನು ಬೇರೆಯದೇ ಫೋಲ್ಡರ್ ಮಾಡಿ, ಅದನ್ನು ಲ್ಯಾಪ್‌ಟಾಪ್ ಜತೆ ಹಂಚಿಕೊಳ್ಳಲೇಬೇಡಿ. ಈಗಾಗಲೇ ಹಂಚಿದ್ದರೆ ಮೊದಲು ಲ್ಯಾಪ್‌ಟಾಪ್‌ನ ಸಿಂಕ್‌ಥಿಂಗ್ ಫಲಕದಿಂದ ಆ ಫೋಲ್ಡರನ್ನು ‘ರಿಮೂವ್’ ಮಾಡಿ, ಇದರಿಂದ ಕಡತ ಅಳಿಯುವುದಿಲ್ಲ, ನಂಟು ಮಾತ್ರ ಕಡಿಯುತ್ತದೆ. ಆಮೇಲೆ ಎಕ್ಸ್‌ಪ್ಲೋರರ್‌ನಲ್ಲಿ ಅಳಿಸಿ. ಈ ಕ್ರಮ ತಿರುಗುಮುರುಗಾದರೆ ಮತ್ತೆ ಅದೇ ಕಥೆ.

ಪ್ರಶ್ನೆ: ಕೆಳಗೆ ಇಂಟರ್ನೆಟ್ ಕಂಪನಿಯವರು ಕೊಟ್ಟ ಫೈಬರ್ ಪೆಟ್ಟಿಗೆ, ಮೇಲೆ ಸಿಗ್ನಲ್ ಬರದೆ ನಾವೇ ತಂದ ರೂಟರ್. ಎರಡೂ ಕಂಪ್ಯೂಟರ್‌ಗೆ ಇಂಟರ್ನೆಟ್ ಚೆನ್ನಾಗಿದೆ, ಆದರೆ ಒಂದಕ್ಕೊಂದು ಕಾಣುವುದಿಲ್ಲ. ಸಿಂಕ್ ಆದರೂ ಆಮೆವೇಗ. (ಮೈಸೂರು)

ಉತ್ತರ: ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್ ಆಗಿವೆ. ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ ಆಜ್ಞೆ ಕೊಟ್ಟು ಐಪಿವಿ4 ವಿಳಾಸ ನೋಡಿ. ಕೆಳಗೆ 192.168.1.5, ಮೇಲೆ 192.168.0.7 ಎಂಬಂತೆ ಮೂರನೆಯ ಅಂಕಿ ಬೇರೆಯಿದ್ದರೆ ರೋಗ ಸಿಕ್ಕಿತು. ಸಿಂಕ್‌ಥಿಂಗ್ ಇನ್ನೊಂದನ್ನು ಹುಡುಕಲು ಮನೆಯೊಳಗೆ ಕೂಗುವ ಕೂಗು, ಅಂದರೆ ಯುಡಿಪಿ 21027, ಎರಡನೆಯ ರೂಟರ್ ದಾಟುವುದಿಲ್ಲ. ನೇರ ದಾರಿ ಸಿಗದೆ ಅದು ಹೊರಗಿನ ರಿಲೇ ಸರ್ವರ್ ಮೂಲಕ ಸುತ್ತಿ ಬರುತ್ತದೆ. ಫಲಕದಲ್ಲಿ ಸಾಧನದ ಹೆಸರಿನ ಕೆಳಗೆ ‘ರಿಲೇ’ ಎಂದು ಕಂಡರೆ ಇದೇ. ಮಾಹಿತಿ ಗೂಢಲಿಪಿಯಲ್ಲೇ ಹೋಗುವುದರಿಂದ ಭಯವಿಲ್ಲ, ವೇಗ ಮಾತ್ರ ಇಲ್ಲ.

ಸರಿಯಾದ ಮದ್ದು ಮೇಲಿನ ರೂಟರನ್ನು ‘ಆ್ಯಕ್ಸೆಸ್ ಪಾಯಿಂಟ್’ ಮೋಡ್‌ಗೆ ಹಾಕುವುದು. ಆ ಆಯ್ಕೆ ಇಲ್ಲದ ಹಳೆಯದಾದರೆ ಅದರ ವಿಳಾಸವನ್ನು 192.168.1.2 ಮಾಡಿ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ಆಫ್ ಮಾಡಿ, ಕೆಳಗಿನಿಂದ ಬಂದ ಕೇಬಲನ್ನು ನೀಲಿಯೋ ಹಳದಿಯೋ ಬೇರೆ ಬಣ್ಣದಲ್ಲಿರುವ ವ್ಯಾನ್ ತೂತಿನಿಂದ ತೆಗೆದು ಲ್ಯಾನ್ ತೂತಿಗೆ ಚುಚ್ಚಿ. ಆ ವಿಳಾಸ ಇನ್ನೊಂದು ಸಾಧನಕ್ಕೆ ಹೋಗಿಲ್ಲವೆಂದು ಮೊದಲೇ ನೋಡಿಕೊಳ್ಳಿ. ರೂಟರ್ ಮುಟ್ಟುವ ಧೈರ್ಯವಿಲ್ಲದಿದ್ದರೆ ಒಂದು ಒಳದಾರಿ ಇದೆ. ಮೇಲಿನಿಂದ ಕೆಳಕ್ಕೆ ಸಂಪರ್ಕ ಸಾಧ್ಯ, ಕೆಳಗಿನಿಂದ ಮೇಲಕ್ಕೆ ಇಲ್ಲ. ಸಂಪರ್ಕ ಯಾರು ಶುರು ಮಾಡಿದರೂ ಸಿಂಕ್ ಎರಡೂ ದಿಕ್ಕಿಗೆ ನಡೆಯುತ್ತದೆ. ಮೇಲಿನ ಲ್ಯಾಪ್‌ಟಾಪ್‌ನಲ್ಲಿ ಡೆಸ್ಕ್‌ಟಾಪ್‌ನ ‘ಅಡ್ವಾನ್ಸ್‌ಡ್’ ಪುಟ ತೆರೆದು, ವಿಳಾಸದ ಜಾಗದಲ್ಲಿ ‘ಡೈನಾಮಿಕ್’ ಬದಲು tcp://192.168.1.5:22000 ಎಂದು ಕೊಡಿ. ಡೆಸ್ಕ್‌ಟಾಪ್‌ನ ಐಪಿ ದಿನಾ ಬದಲಾಗದಂತೆ ಫೈಬರ್ ಪೆಟ್ಟಿಗೆಯಲ್ಲಿ ಕಾಯ್ದಿರಿಸಬೇಕು.

ವಿಳಾಸ ಸರಿಯಿದ್ದೂ ಕಾಣದಿದ್ದರೆ ಎರಡು ಶಂಕೆ: ಒಂದು ಕಂಪ್ಯೂಟರ್ ‘ಗೆಸ್ಟ್’ ವೈಫೈಗೆ ಸೇರಿಕೊಂಡಿದೆ, ಇಲ್ಲವೇ ವಿಂಡೋಸ್ ನಿಮ್ಮ ಮನೆಯ ವೈಫೈಯನ್ನು ‘ಪಬ್ಲಿಕ್’ ಎಂದುಕೊಂಡಿದೆ. ‘ಪ್ರೈವೇಟ್’ ಮಾಡಿ.

ಕೇಬಲ್ ಎಳೆಸಿದವರು ಇನ್ನೊಂದನ್ನೂ ನೋಡಬೇಕು. ಗಿಗಾಬಿಟ್‌ಗೆ ಕೇಬಲ್‌ನ 8 ತಂತಿಗಳೂ ಬೇಕು, 100 ಮೆಗಾಬಿಟ್‌ಗೆ 4 ಸಾಕು. ಹಾಗಾಗಿ ಉಳಿದ 4ರಲ್ಲಿ ಒಂದು ತಂತಿ ಕ್ರಿಂಪ್ ಸರಿಯಾಗದೆಯೋ ಇಲಿ ಕಡಿದೋ ಬಿಟ್ಟರೆ ಸಂಪರ್ಕ ಸಾಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 110 ಎಂಬಿ ಹೋಗಬೇಕಾದ ಕಡೆ 11 ಮಾತ್ರ. ಕಡತ ಸಾಗಣೆ 11ರಲ್ಲೇ ಅಂಟಿ ನಿಂತಿದ್ದರೆ ತಂತ್ರಾಂಶ ಬಿಟ್ಟು ಕೇಬಲ್ ತುದಿ ಬಿಚ್ಚಿ ನೋಡಿ.

ಪ್ರಶ್ನೆ: ಒಂದು ಹಳೆಯ ಮ್ಯಾಕ್, ಒಂದು ವಿಂಡೋಸ್. ‘ಕೋಲಾರ ಪ್ರವಾಸ’ ಎಂಬ ಫೋಲ್ಡರ್ ನಕಲು ಮಾಡಿದ ಮೇಲೆ ಎರಡಾಗಿದೆ, ಹೆಸರಿನಲ್ಲಿ ಕೂದಲಷ್ಟೂ ವ್ಯತ್ಯಾಸ ಕಾಣದು. ‘ಮದುವೆ’ ಎಂಬುದು ಮಾತ್ರ ಒಂದೇ ಇದೆ. ಏನಿದು ಮಾಯೆ? (ಬೆಂಗಳೂರು)

ಉತ್ತರ: ತುಂಬ ಒಳ್ಳೆಯ ಪ್ರಶ್ನೆ, ಕನ್ನಡದಲ್ಲಿ ಹೆಸರಿಡುವವರನ್ನು ಕಾಡುವಂಥದ್ದು. ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಓ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎ ಚಿಹ್ನೆ, ಊ ಚಿಹ್ನೆ, ದೀರ್ಘದ ಚಿಹ್ನೆ ಎಂದು ಮೂರಾಗಿ ಒಡೆದೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಹೆಸರನ್ನು ಒಡೆದು ಇಡುತ್ತವೆ, ವಿಂಡೋಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ ಮತ್ತು ಎರಡನ್ನೂ ಬೇರೆ ಹೆಸರೆಂದೇ ತಿಳಿಯುತ್ತದೆ. ಲಿನಕ್ಸ್ ಕೂಡ ಹಾಗೆಯೇ.

ಒಡೆಯುವ ಸ್ವರಚಿಹ್ನೆಗಳು ಐದೇ: ಕೀ, ಕೇ, ಕೈ, ಕೊ, ಕೋ ಇವುಗಳಲ್ಲಿ ಬರುವಂಥವು. ಕಿ, ಕು, ಕೂ, ಕೆ, ಕೌ ಒಡೆಯುವುದಿಲ್ಲ. ‘ಮದುವೆ’ ಬಚಾವಾದದ್ದು ಅದಕ್ಕೇ. ಜೋಡಿಯಾದ ಹೆಸರುಗಳಲ್ಲೆಲ್ಲ ಆ ಐದರಲ್ಲಿ ಒಂದು ಇದ್ದರೆ ಬೇರೆ ಪರೀಕ್ಷೆ ಬೇಡ.

ಸಿಂಕ್‌ಥಿಂಗ್‌ನಲ್ಲಿ ಇದನ್ನು ಸರಿಪಡಿಸುವ ‘ಆಟೋ ನಾರ್ಮಲೈಸ್’ ಮೊದಲಿನಿಂದಲೇ ಆನ್ ಆಗಿರುತ್ತದೆ, ಆಫ್ ಮಾಡಬೇಡಿ. ಈಗಾಗಲೇ ಎರಡಾಗಿರುವುದನ್ನು ವಿಂಡೋಸ್ ಕಡೆ ಸೇರಿಸಿ. ಒಂದರ ಕಡತಗಳನ್ನು ಇನ್ನೊಂದಕ್ಕೆ ಸಾಗಿಸಿ, ಖಾಲಿಯಾದದ್ದನ್ನು ಅಳಿಸಿ, ಉಳಿದದ್ದರ ಹೆಸರನ್ನು ಅಲ್ಲೇ ಹೊಸದಾಗಿ ಟೈಪ್ ಮಾಡಿ.

ಇದೇ ಜಾತಿಯ ಇನ್ನೊಂದು ಪ್ರಶ್ನೆ ಧಾರವಾಡದಿಂದ ಬಂದಿದೆ: ವಿಂಡೋಸ್‌ನಲ್ಲಿರುವ ಉದ್ದ ಹೆಸರಿನ ಕಡತಗಳು ಲಿನಕ್ಸ್‌ಗೆ ಹೋಗುತ್ತಿಲ್ಲ. ಕಾರಣ ಅಳತೆಗೋಲು ಬೇರೆ. ಡಿಸ್ಕ್‌ನಲ್ಲಿ ಕಡತ ಜೋಡಿಸಿಡುವ ವಿಂಡೋಸ್‌ನ ಪದ್ಧತಿಯಾದ ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಸಂಕೇತಗಳ ಮಿತಿ, ಲಿನಕ್ಸ್‌ನ ಇಎಕ್ಸ್‌ಟಿ4ನಲ್ಲಿ 255 ಬೈಟ್. ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕರ್ನಾಟಕ’ ಎಂಬ ನಾಲ್ಕಕ್ಷರದ ಪದದಲ್ಲೇ ರಕಾರದ ಅರ್ಧಚಿಹ್ನೆ, ಆ ಚಿಹ್ನೆ ಎಲ್ಲ ಸೇರಿ 7 ಸಂಕೇತ, 21 ಬೈಟ್. ಒಟ್ಟು 85 ಸಂಕೇತಕ್ಕೆ ಬಾಗಿಲು ಮುಚ್ಚಿತು. ಹೆಸರನ್ನು 60ರ ಒಳಗಿಡಿ, ಉಳಿದ ವಿವರ ಫೋಲ್ಡರ್ ಹೆಸರಿಗೆ ಹೋಗಲಿ.

ಪ್ರಶ್ನೆ: ‘ಹೊಸದು ಗೆಲ್ಲಲಿ’ ಎಂಬ ನಿಯಮದಲ್ಲಿ ಕಡತ ನಕಲು ಮಾಡುತ್ತೇವೆ. ಆದರೂ ಹಳೆಯದು ಹೊಸದರ ಮೇಲೆ ಕೂತುಬಿಡುತ್ತದೆ. (ಸಾಗರ)

ಉತ್ತರ: ಗಡಿಯಾರ ನೋಡಿ. ಕರೆಂಟ್ ಹೋಗಿ ಬಂದಾಗ ಡೆಸ್ಕ್‌ಟಾಪ್ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ಸಿಆರ್2032 ಬಿಲ್ಲೆ ಸತ್ತಿದೆ. 3 ವೋಲ್ಟ್‌ನ ಇದು ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಪಕ್ಕದ ಕ್ಲಿಪ್ ಒತ್ತಿ ಹಳೆಯದನ್ನು ತೆಗೆಯಿರಿ. ಹೊಸದನ್ನು ಕೂಡಿಸು ಚಿಹ್ನೆ ಮೇಲೆ ಬರುವಂತೆ ಕೂರಿಸಿ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಬಯೋಸ್ ಪುಟದಲ್ಲಿ ದಿನಾಂಕ ಸರಿಪಡಿಸಿ.

ದಿನಾಂಕ ಸರಿಯಿದ್ದು ಸಮಯ ಸರಿಯಾಗಿ 5 ಗಂಟೆ 30 ನಿಮಿಷ ತಪ್ಪುತ್ತಿದ್ದರೆ ಬ್ಯಾಟರಿಯ ತಪ್ಪಲ್ಲ. ಆ ಕಂಪ್ಯೂಟರ್‌ನಲ್ಲಿ ವಿಂಡೋಸ್ ಜತೆ ಲಿನಕ್ಸ್ ಕೂಡ ಇರಬೇಕು. ಲಿನಕ್ಸ್ ಒಳಗಿನ ಗಡಿಯಾರಕ್ಕೆ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದುಕೊಳ್ಳುತ್ತದೆ. ರಾತ್ರಿ 8ಕ್ಕೆ ತಿದ್ದಿದ ಕಡತಕ್ಕೆ ಮಧ್ಯಾಹ್ನ 2:30ರ ಮುದ್ರೆ ಬೀಳುತ್ತದೆ. ಇನ್ನೊಂದು ಕಂಪ್ಯೂಟರ್‌ನ ಸಂಜೆ 4ರ ಹಳೆಯ ಪ್ರತಿ ‘ಹೊಸದು’ ಎನಿಸಿಕೊಂಡು ಗೆಲ್ಲುತ್ತದೆ. ಲಿನಕ್ಸ್‌ನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯ ‘ಸೆಟ್-ಲೋಕಲ್-ಆರ್‌ಟಿಸಿ’ ಆಯ್ಕೆಗೆ 1 ಕೊಟ್ಟರೆ ಜಗಳ ತೀರುತ್ತದೆ.

ನೀವು ಬಳಸುವುದು ವಿಂಡೋಸ್ ಜತೆಗೇ ಬರುವ ನಕಲು ಆಜ್ಞೆ ರೋಬೋಕಾಪಿ ಆದರೆ ಇನ್ನೆರಡು ಮಾತು. ಪೆನ್‌ಡ್ರೈವ್ ಫ್ಯಾಟ್32 ಆಗಿದ್ದರೆ ಅದು ಸಮಯವನ್ನು 2 ಸೆಕೆಂಡಿನ ಲೆಕ್ಕದಲ್ಲಿ ಮಾತ್ರ ಬರೆಯುತ್ತದೆ, ಬದಲಾಗದ ಕಡತವೂ ಬದಲಾದಂತೆ ಕಂಡು ಮತ್ತೆ ಮತ್ತೆ ನಕಲಾಗುತ್ತದೆ. ‘ಎಫ್‌ಎಫ್‌ಟಿ’ ಆಯ್ಕೆ ಸೇರಿಸಿ. ಮತ್ತೆ, ಓದಲಾಗದ ಕಡತ ಸಿಕ್ಕರೆ ರೋಬೋಕಾಪಿ ತಾನಾಗಿ 10 ಲಕ್ಷ ಸಲ, 30 ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತದೆ, ಅಂದರೆ ಒಂದೇ ಕಡತಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಎಂದಿಟ್ಟುಕೊಳ್ಳಿ. ‘ಆರ್’ಗೆ 2, ‘ಡಬ್ಲ್ಯೂ’ಗೆ 5 ಕೊಡಿ. ‘ಮಿರ್’ ಆಯ್ಕೆ ಮೂಲದಲ್ಲಿ ಇಲ್ಲದ್ದನ್ನು ಗುರಿಯಲ್ಲಿ ಅಳಿಸಿಹಾಕುತ್ತದೆ. ಮೊದಲು ‘ಎಲ್’ ಸೇರಿಸಿ ಏನಾಗಲಿದೆ ಎಂಬ ಪಟ್ಟಿ ನೋಡಿಯೇ ನಿಜವಾಗಿ ಓಡಿಸಿ.

ಪ್ರಶ್ನೆ: ಅಂಗಡಿಯ ಟ್ಯಾಲಿ ಡೇಟಾ ಫೋಲ್ಡರನ್ನೂ ಸಿಂಕ್‌ಗೆ ಹಾಕಬಹುದೇ? (ಗದಗ)

ಉತ್ತರ: ಬೇಡ. ಔಟ್‌ಲುಕ್ ಇಮೇಲ್‌ಗಳನ್ನು ತುಂಬಿಡುವ ಪಿಎಸ್‌ಟಿ ಕಡತಕ್ಕೂ ಇದೇ ಉತ್ತರ. ಟ್ಯಾಲಿಯ ಒಂದು ಕಂಪನಿ ಎಂದರೆ ಒಂದಕ್ಕೊಂದು ನಂಟಿರುವ ಹಲವು ಕಡತಗಳ ಗುಂಪು. ತೆರೆದಿರುವಾಗ ಕೆಲವು ಈಗಿನವು, ಕೆಲವು ನಿಮಿಷದ ಹಿಂದಿನವು ಎಂದು ಕಲಬೆರಕೆಯಾಗಿ ಹೋದರೆ ಇನ್ನೊಂದು ಕಡೆ ಡೇಟಾ ಕೆಟ್ಟಂತೆಯೇ. ಟ್ಯಾಲಿಪ್ರೈಮ್‌ನಲ್ಲಿ ಆಲ್ಟ್ ಜತೆ ವೈ ಒತ್ತಿ ‘ಬ್ಯಾಕಪ್’ ತೆಗೆದು, ಆ ಬ್ಯಾಕಪ್ ಕಡತವನ್ನು ಮಾತ್ರ ಸಿಂಕ್ ಫೋಲ್ಡರ್‌ಗೆ ಹಾಕಿ. ಇನ್ನೊಂದು ಕಡೆ ‘ರಿಸ್ಟೋರ್’ ಮಾಡಿಕೊಳ್ಳಿ. ನಮೂದು ಮಾಡುವುದು ಒಂದೇ ಕಡೆ ಇರಲಿ.

ಪ್ರಶ್ನೆ: ಇನ್ನೊಂದು ಕಂಪ್ಯೂಟರ್‌ನ ಹಂಚಿದ ಫೋಲ್ಡರ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ನಾಲ್ಕಂಕಿಯ ಪಿನ್ ಕೊಟ್ಟರೆ ಒಪ್ಪುವುದಿಲ್ಲ. (ಉಡುಪಿ)

ಉತ್ತರ: ಪಿನ್ ಆ ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್‌ನಿಂದ ಬಂದವರಿಗೆ ಖಾತೆಯ ನಿಜವಾದ ಪಾಸ್‌ವರ್ಡ್ ಬೇಕು. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ನೆಟ್‌ವರ್ಕ್‌ನಿಂದ ಒಳಗೆ ಬಿಡುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ‘ಹಂಚಿಕೆ’ಗೆಂದೇ ಒಂದು ಸ್ಥಳೀಯ ಖಾತೆ ತೆರೆದು ಪಾಸ್‌ವರ್ಡ್ ಇಟ್ಟು, ಆ ಫೋಲ್ಡರ್‌ಗೆ ಮಾತ್ರ ಅನುಮತಿ ಕೊಡುವುದು ಸುಲಭ. ಅಂದ ಹಾಗೆ, ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಅಳಿಸಿದ್ದು ರಿಸೈಕಲ್ ಬಿನ್‌ಗೆ ಬರುವುದಿಲ್ಲ, ಹೋದದ್ದು ಹೋಯಿತು.

ಪ್ರಶ್ನೆ: ಡೆಸ್ಕ್‌ಟಾಪ್ ಬೆಳಿಗ್ಗೆ, ಲ್ಯಾಪ್‌ಟಾಪ್ ರಾತ್ರಿ. ಎರಡೂ ಒಟ್ಟಿಗೆ ಆನ್ ಇರುವುದೇ ಇಲ್ಲ. (ಕಲಬುರಗಿ)

ಉತ್ತರ: ಹಾಗಿದ್ದರೆ ಸದಾ ಎಚ್ಚರವಿರುವ ಮೂರನೆಯದೊಂದು ಬೇಕು. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್‌ಗೆ ಒಂದು ಎಸ್‌ಎಸ್‌ಡಿ ಜೋಡಿಸಿ ಸಿಂಕ್‌ಥಿಂಗ್ ಹಾಕಿ ರೂಟರ್ ಪಕ್ಕ ಇಟ್ಟರಾಯಿತು. ಬೆಳಿಗ್ಗೆ ಡೆಸ್ಕ್‌ಟಾಪ್ ಅದಕ್ಕೆ ಕೊಡುತ್ತದೆ, ರಾತ್ರಿ ಲ್ಯಾಪ್‌ಟಾಪ್ ಅದರಿಂದ ಪಡೆಯುತ್ತದೆ. ಸರಾಸರಿ 5 ವ್ಯಾಟ್ ಎಂದು ಹಿಡಿದರೂ ತಿಂಗಳಿಗೆ 3.6 ಯೂನಿಟ್. ಅದೇ 60 ವ್ಯಾಟ್‌ನ ಡೆಸ್ಕ್‌ಟಾಪನ್ನು ಹಗಲೂ ರಾತ್ರಿ ಬಿಟ್ಟರೆ 43 ಯೂನಿಟ್. ಪೈಗೆ 5 ವೋಲ್ಟ್ 3 ಆಂಪಿಯರ್ ಅಡಾಪ್ಟರೇ ಬೇಕು. ಮೊಬೈಲ್‌ನ ಹಳೆಯ ಚಾರ್ಜರ್ ಹಾಕಿದರೆ ಎಸ್‌ಎಸ್‌ಡಿ ಕೆಲಸ ಶುರು ಮಾಡಿದ ಕೂಡಲೇ ವೋಲ್ಟೇಜ್ ಕುಸಿದು ಡಿಸ್ಕ್ ಸಂಪರ್ಕ ಕಡಿಯುತ್ತದೆ. ಪೈಯನ್ನೂ ರೂಟರನ್ನೂ ಮನೆಯ ಇನ್ವರ್ಟರ್ ಸಾಲಿಗೇ ಸೇರಿಸಿಬಿಡಿ.